ಮೈಮೇಲಿನ ಒಕ್ಕಲು

ತಾವು ಇಂದು ಬೆಳಗ್ಗೆ ಸ್ನಾನ ಮಾಡಿರುತ್ತೀರಿ. ಹಂಡೆಯ ನೀರೋ ನಲ್ಲಿಯ ನೀರೋ, ಸೋಪೋ ಕಡಲೆಹಿಟ್ಟೋ, ಅಂತೂ ಮೈಯನ್ನು ಚೆನ್ನಾಗಿ ಉಜ್ಜಿ, ಒಗೆದ ಬಟ್ಟೆ ತೊಟ್ಟು, ದಿನದ ಕೆಲಸ ಮುಗಿಸಿ, ಈಗ ರೇಡಿಯೋದ ಬಳಿ ಕುರ್ಚಿ ಎಳೆದುಕೊಂಡು ಕುಳಿತಿದ್ದೀರಿ. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಒಬ್ಬರೇ ಇದ್ದೇವೆಂದು ತಿಳಿದಿರಬಹುದು. ಆ ತಿಳಿವಳಿಕೆ ಅಷ್ಟು ಸರಿಯಲ್ಲ. ಈ ಗಳಿಗೆಯಲ್ಲಿ ತಮ್ಮ ಕಂಕುಳಲ್ಲಿ, ಕಿವಿಯ ಹಿಂದೆ, ಮೂಗಿನ ಮಗ್ಗುಲಲ್ಲಿ, ಕಾಲ್ಬೆರಳುಗಳ ಸಂದಿನಲ್ಲಿ ಕೋಟಿಗಟ್ಟಲೆ ಅಣುಜೀವಿಗಳು ಸಂಸಾರ ಹೂಡಿಕೊಂಡಿವೆ. ಬೆಳಗಿನ ಸೋಪು ಅವುಗಳಲ್ಲಿ ಕೆಲವನ್ನು ಬಚ್ಚಲಿಗೆ ಕಳುಹಿಸಿತು, ನಿಜ. ತಾವು ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಉಳಿದವು ಆ ಕೊರತೆಯನ್ನು ತುಂಬಿಕೊಂಡಿವೆ.

ಇದನ್ನು ಕೇಳಿ ಮೈ ಜುಮ್ಮೆಂದು ಮತ್ತೆ ಬಚ್ಚಲಿಗೆ ಓಡಬೇಡಿರಿ. ಓಡಿದರೂ ಪ್ರಯೋಜನವಿಲ್ಲ. ಅದು ಏಕೆ ಇಲ್ಲ ಎಂಬುದನ್ನೇ ನಾನು ಇಂದು ಹೇಳಬೇಕೆಂದಿದ್ದೇನೆ.

ನಾನು ವಿಜ್ಞಾನದ ಮೇಷ್ಟರಲ್ಲ. ಹಳಗನ್ನಡ ಪದ್ಯಕ್ಕೆ ಅನ್ವಯ ಹೇಳುವುದು, ಸಂಧಿ ಸಮಾಸಗಳನ್ನು ಬಿಡಿಸುವುದು, ಪ್ರಬಂಧದ ಪುಸ್ತಕಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದುವುದು, ಇದು ನನ್ನ ಕಸುಬು. ಅಂಥವನಿಗೆ ಚರ್ಮದ ಬಾಕ್ಟೀರಿಯಗಳ ಗೊಡವೆ ಏಕೆ ಎಂದು ತಾವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೊಂದು ಕಾರಣವುಂಟು. ನನಗೆ ಮಾನ ತರುವಂಥ ಕಾರಣವೇನೂ ಅಲ್ಲ. ಅದರ ಸ್ಥಳ ಬಂದಾಗ ಹೇಳುತ್ತೇನೆ.

ಚರ್ಮವೆಂದರೆ ಮೈಗೆ ಹೊದಿಸಿದ ಒಂದೇ ಬಟ್ಟೆ ಎಂದು ನಾವು ಭಾವಿಸುತ್ತೇವೆ. ಬಿಚ್ಚಿ ಹಾಸಿದರೆ ಬೆಳೆದ ಮನುಷ್ಯನ ಚರ್ಮ ಒಂದೂವರೆಯಿಂದ 2 ಚದರ ಮೀಟರಿನಷ್ಟು ಆದೀತು. ಒಬ್ಬರು ಮಲಗುವ ಚಾಪೆ ಎನ್ನಿ. ನಮಗೆ ಅದು ಚಾಪೆಯಾದರೂ ಅಣುಜೀವಿಯ ಪಾಲಿಗೆ ಒಂದು ರಾಜ್ಯ. ನಮ್ಮ ನಾಡಿನಲ್ಲಿ ಮಲೆನಾಡಿದೆ, ಬಯಲುಸೀಮೆಯಿದೆ, ಕರಾವಳಿಯಿದೆ. ಒಂದರ ಬೆಳೆ ಇನ್ನೊಂದರಲ್ಲಿ ಬಾರದು. ಆಗುಂಬೆಯಲ್ಲಿ ಜೋಳ ಬಿತ್ತುವವರಿಲ್ಲ, ಚಳ್ಳಕೆರೆಯ ಬಯಲಲ್ಲಿ ಏಲಕ್ಕಿ ನೆಡುವವರಿಲ್ಲ. ಚರ್ಮದ ಮೇಲೂ ಇದೇ ಕಥೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದಲ್ಲಿದ್ದ ಮೇರಿ ಮಾರ್ಪಲ್ಸ್ ಎಂಬ ವಿದುಷಿ 1965ರಲ್ಲಿ ಮನುಷ್ಯ ಚರ್ಮದ ಜೀವಪರಿಸರವನ್ನು ಕುರಿತು ಒಂದು ದೊಡ್ಡ ಗ್ರಂಥವನ್ನೇ ಬರೆದರು. ಕಾಡುಮೇಡುಗಳನ್ನು ಅಭ್ಯಾಸಮಾಡುವವರು ನೆಲವನ್ನು ನೋಡುವ ಕಣ್ಣಿನಿಂದ ಅವರು ಚರ್ಮವನ್ನು ನೋಡಿದರು. ಮುಂಗೈ ಅವರಿಗೆ ಮರುಭೂಮಿಯ ಹಾಗೆ, ನೆತ್ತಿ ತಂಪಾದ ಕಾಡಿನ ಹಾಗೆ, ಕಂಕುಳು ಮಳೆಗಾಡಿನ ಹಾಗೆ ತೋರಿತು.

ಚರ್ಮದ ಬಗೆ ಎಂದೊಡನೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಬಣ್ಣ. ಮದುವೆಯ ಮಾತುಕತೆಗಳಲ್ಲಿ ಈಗಲೂ ಅದು ನಡೆಯುತ್ತದೆ, ನಾಚಿಕೆಗೇಡು. ನಾನು ಇಲ್ಲಿ ಬಗೆ ಎನ್ನುವಾಗ ಬಣ್ಣದ ಮಾತೆತ್ತುತ್ತಿಲ್ಲ. ಬಾಕ್ಟೀರಿಯ ಕೇಳುವ ಪ್ರಶ್ನೆಗಳು ಬೇರೆ. ಇಲ್ಲಿ ಜಿಡ್ಡೆಷ್ಟು? ತೇವವೆಷ್ಟು? ಉಪ್ಪೆಷ್ಟು? ಹುಳಿಯೆಷ್ಟು? ಹುಳಿ ಎಂದದ್ದು ತಮಾಷೆಗಲ್ಲ. ಆರೋಗ್ಯವಾಗಿರುವ ಚರ್ಮ ಸ್ವಲ್ಪ ಆಮ್ಲಗುಣವುಳ್ಳದ್ದು. ರಸಾಯನಶಾಸ್ತ್ರದವರ ಪಿ.ಎಚ್. ಅಳತೆಯಲ್ಲಿ ಶುದ್ಧ ನೀರು 7 ಆದರೆ ಚರ್ಮ ಸುಮಾರು 5. ಆ ಹುಳಿ ಅನೇಕ ರೋಗಕಾರಕಗಳಿಗೆ ಒಗ್ಗದು. ನಾವು ಉಜ್ಜುವ ಸೋಪಿನ ಬಿಲ್ಲೆಯಾದರೋ 9, 10ರ ಕ್ಷಾರ. ಅದು ಹುಳಿಯನ್ನು ಸ್ವಲ್ಪ ಹೊತ್ತು ಕೆಡಿಸುತ್ತದೆ, ಚರ್ಮ ಮತ್ತೆ ಅದನ್ನು ಕೂಡಿಸಿಕೊಳ್ಳುತ್ತದೆ.

ಹಿಂದೆ ಈ ಜೀವಿಗಳನ್ನು ತಿಳಿಯಬೇಕಾದರೆ ಗಾಜಿನ ತಟ್ಟೆಯಲ್ಲಿ ಆಹಾರವಿಟ್ಟು ಬೆಳೆಸಿ ನೋಡಬೇಕಾಗಿತ್ತು. ತಟ್ಟೆಯ ಊಟ ಒಗ್ಗಿದವು ಬೆಳೆಯುತ್ತಿದ್ದವು, ಒಗ್ಗದವು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಈಗ ಹಾಗಲ್ಲ, ಚರ್ಮವನ್ನು ಹತ್ತಿಯ ಕಡ್ಡಿಯಿಂದ ಒರೆಸಿ, ಅಂಟಿಬಂದ ವಂಶದ್ರವ್ಯವನ್ನೇ ಓದಿ ಯಾರು ಯಾರು ಇದ್ದಾರೆಂದು ಹೇಳಬಲ್ಲರು. 2009ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಎಲಿಜಬೆತ್ ಗ್ರೈಸ್, ಜೂಲಿಯಾ ಸೆಗ್ರೆ ಮೊದಲಾದವರು ಆರೋಗ್ಯವಂತರಾದ 10 ಮಂದಿಯ ಮೈಮೇಲೆ 20 ಜಾಗಗಳನ್ನು ಆರಿಸಿ ಹೀಗೆ ಗಣತಿ ಮಾಡಿದರು. ಅತಿ ಹೆಚ್ಚು ಬಗೆಗಳು ಸಿಕ್ಕಿದ್ದು ಎಲ್ಲಿ ಎಂದುಕೊಂಡಿರಿ? ಕಂಕುಳಲ್ಲಿ ಅಲ್ಲ. ಒಣಗಿ ನಿಂತ ಮುಂಗೈಯ ಒಳಮೈಯಲ್ಲಿ, ಸರಾಸರಿ 44 ಬಗೆ. ಅತಿ ಕಡಮೆ ಕಿವಿಯ ಹಿಂದಣ ಮಡಿಕೆಯಲ್ಲಿ, 15. ಅಲ್ಲಿ ಜಿಡ್ಡು ಹೆಚ್ಚು; ಜಿಡ್ಡಿನಲ್ಲಿ ಬದುಕಬಲ್ಲ ಜಾತಿಗಳು ಕೆಲವೇ. ಇನ್ನೂ ಒಂದು ಸಂಗತಿ ಗೊತ್ತಾಯಿತು. ಒಬ್ಬರ ಕಂಕುಳು ಇನ್ನೊಬ್ಬರ ಕಂಕುಳನ್ನು ಹೋಲುವಷ್ಟು ತಮ್ಮದೇ ಮುಂಗೈಯನ್ನು ಹೋಲುವುದಿಲ್ಲ. ಯಾರ ಮೈ ಎಂಬುದಕ್ಕಿಂತ ಮೈಯಲ್ಲಿ ಯಾವ ಊರು ಎಂಬುದೇ ಮುಖ್ಯವಾಯಿತು.

ಬಗೆಗಳ ಲೆಕ್ಕ ಬೇರೆ, ತಲೆಗಳ ಲೆಕ್ಕ ಬೇರೆ. ಮುಂಗೈಯಲ್ಲಿ ಬಗೆ ಹೆಚ್ಚಾದರೂ ಜನಸಂಖ್ಯೆ ತೀರ ವಿರಳ. ಕಂಕುಳಲ್ಲಾದರೋ ಒಂದು ಚದರ ಸೆಂಟಿಮೀಟರಿನಲ್ಲಿ, ಎಂದರೆ ಕಿರುಬೆರಳ ಉಗುರಿನಷ್ಟು ಜಾಗದಲ್ಲಿ, ಲಕ್ಷಗಟ್ಟಲೆ. ಹತ್ತು ಲಕ್ಷ ದಾಟುವುದೂ ಉಂಟು.

ಈಗ ಇನ್ನೊಂದು ಭೇದವನ್ನು ಹೇಳಬೇಕು. ಅದಿಲ್ಲದೆ ಮುಂದಿನದು ಅರ್ಥವಾಗದು. ಫಿಲಿಪ್ ಪ್ರೈಸ್ ಎಂಬ ಅಮೆರಿಕದ ಶಸ್ತ್ರವೈದ್ಯರು 1938ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಬಹಳ ಸರಳವಾದದ್ದು, ನಮ್ಮ ಶಾಲೆಯ ಅಂಗಳದಲ್ಲೂ ಅರ್ಧದಷ್ಟು ಮಾಡಿ ತೋರಿಸಬಹುದು. ಬೋಗುಣಿಗಳನ್ನು ಸಾಲಾಗಿ ಇಟ್ಟು, ಮೊದಲನೆಯದರಲ್ಲಿ ಕೈಯನ್ನು ಉಜ್ಜಿ ತೊಳೆಯುವುದು, ಆಮೇಲೆ ಎರಡನೆಯದರಲ್ಲಿ, ಆಮೇಲೆ ಮೂರನೆಯದರಲ್ಲಿ, ಹೀಗೆಯೇ ಮುಂದಕ್ಕೆ. ಪ್ರತಿ ಬೋಗುಣಿಯ ನೀರಿನಲ್ಲಿ ಎಷ್ಟು ಬಾಕ್ಟೀರಿಯ ಉದುರಿವೆಯೆಂದು ಎಣಿಸುವುದು. ಮೊದಮೊದಲು ಬೇಗ ಬೇಗ ಉದುರಿದವು. ಅನಂತರ ಎಷ್ಟು ಉಜ್ಜಿದರೂ ನಿಧಾನವಾಗಿ, ಒಂದೇ ಗತಿಯಲ್ಲಿ ಬರುತ್ತಲೇ ಇದ್ದವು. ಕೈಮೇಲೆ ಎರಡು ತರದ ಜನವಿದೆಯೆಂದು ಪ್ರೈಸ್ ತೀರ್ಮಾನಿಸಿದರು: ಒಂದು, ಆಗತಾನೆ ಬಂದು ಮೇಲೆ ಅಂಟಿಕೊಂಡವು, ಇನ್ನೊಂದು, ಅಲ್ಲೇ ನೆಲೆಸಿದವು. ಮೊದಲನೆಯವು ದಾರಿಹೋಕರು. ಎರಡನೆಯದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟು ಒಳ್ಳೆಯ ಮಾತಿದೆ ನೋಡಿ: ಒಕ್ಕಲು. ಊರಿನ ನೆಲವನ್ನು ಹಿಡಿದು, ಅದರಲ್ಲೇ ದುಡಿದು ಉಂಡು, ಹೊರಗಿನವರು ಬಂದರೆ ಜಗ್ಗದೆ ನಿಲ್ಲುವವರು.

ಬಾಗಿಲ ಚಿಲಕ, ನೋಟು, ಬಸ್ಸಿನ ಕಂಬಿ, ತರಕಾರಿ, ಮಗುವಿನ ಮೂಗು, ಇವೆಲ್ಲದರಿಂದ ನಮ್ಮ ಕೈಗೆ ಬರುವವರು ದಾರಿಹೋಕರು. ವಾಂತಿಭೇದಿಯ ಕಾಟ ಇವರಿಂದ. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ 1847ರಲ್ಲಿ ಸೆಮ್ಮೆಲ್‌ವೈಸ್ ವೈದ್ಯರು ಶವಪರೀಕ್ಷೆಯ ಕೋಣೆಯಿಂದ ನೇರವಾಗಿ ಬಾಣಂತಿಯರ ಬಳಿಗೆ ಹೋಗುತ್ತಿದ್ದವರ ಕೈಗಳನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆಸಿದಾಗ, ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ವೇಳೆಗೆ 2ರ ಆಸುಪಾಸಿಗೆ ಇಳಿಯಿತು. ಅಲ್ಲಿ ಹೋದದ್ದು ದಾರಿಹೋಕರು. ಒಕ್ಕಲು ಎಲ್ಲಿಗೂ ಹೋಗಲಿಲ್ಲ.

ಇನ್ನು ಜಿಡ್ಡಿನ ಸೀಮೆಗೆ ಬರೋಣ. ಹಣೆ, ಮೂಗು, ನೆತ್ತಿ, ಎದೆಯ ನಡು, ಬೆನ್ನಿನ ಮೇಲ್ಭಾಗ. ಇಲ್ಲಿ ಕೂದಲಿನ ಬುಡಬುಡಕ್ಕೂ ಜಿಡ್ಡು ಒಸರುವ ಗ್ರಂಥಿಗಳಿವೆ. ಅಂಗೈಯಲ್ಲೂ ಅಂಗಾಲಿನಲ್ಲೂ ಒಂದೂ ಇಲ್ಲ. ಹನ್ನೆರಡು ಹದಿಮೂರರ ವಯಸ್ಸಿನವರೆಗೆ ಈ ಗ್ರಂಥಿಗಳು ಹೆಚ್ಚಾಗಿ ಮಲಗಿರುತ್ತವೆ. ಪ್ರಾಯ ಬರುತ್ತಲೇ ಏಳುತ್ತವೆ. ಜಿಡ್ಡು ಬಂದರೆ ಜಿಡ್ಡನ್ನು ತಿನ್ನುವವರೂ ಬರಬೇಕಷ್ಟೆ. ಕ್ಯೂಟಿಬಾಕ್ಟೀರಿಯಮ್ ಆಕ್ನೆಸ್ ಎಂಬ ಉದ್ದ ಹೆಸರಿನ ಬಾಕ್ಟೀರಿಯ ಕೂದಲಿನ ಬುಡದ ಗಾಳಿಯಿಲ್ಲದ ಬಾವಿಯೊಳಗೆ ಇಳಿದು, ಜಿಡ್ಡನ್ನು ಒಡೆದು, ಕೊಬ್ಬಿನ ಆಮ್ಲಗಳನ್ನು ಹೊರಗೆ ಬಿಡುತ್ತದೆ. ನಾನು ಮೊದಲು ಹೇಳಿದ ಚರ್ಮದ ಹುಳಿಯಲ್ಲಿ ಇದರ ಪಾಲೂ ಇದೆ. ಹೀಗೆ ತನ್ನ ಊಟ ತಾನು ಮಾಡುತ್ತ ನಮ್ಮ ಕೋಟೆಯನ್ನೂ ಅದು ಗಟ್ಟಿಮಾಡುತ್ತದೆ.

ಆದರೆ ಮೊಡವೆಗೂ ಇದೇ ಕಾರಣವೆಂಬ ಅಪಖ್ಯಾತಿ ಇದಕ್ಕಿದೆ. ಒಂಬತ್ತನೆಯ ತರಗತಿಯ ಹುಡುಗಿಯರು ದಿನಕ್ಕೆ ಐದು ಸಲ ಮುಖ ಉಜ್ಜಿ ಕೆನ್ನೆಯನ್ನು ಕೆಂಪು ಮಾಡಿಕೊಂಡು ಬರುವುದನ್ನು ನಾನು ವರ್ಷವರ್ಷವೂ ನೋಡುತ್ತೇನೆ. ಮೊಡವೆಯೆಂದರೆ ಕೊಳೆ ಎಂದು ಅವರಿಗೆ ಯಾರೋ ಹೇಳಿರುತ್ತಾರೆ. ಅಮೆರಿಕದ ಲಾಸ್ ಏಂಜಲಿಸ್‌ನ ವಿಜ್ಞಾನಿಗಳು 101 ಜನರ ಮೂಗಿನ ರಂಧ್ರಗಳನ್ನು ಪರೀಕ್ಷಿಸಿ 2013ರಲ್ಲಿ ಫಲಿತವನ್ನು ಪ್ರಕಟಿಸಿದರು. 49 ಮಂದಿಗೆ ಮೊಡವೆ ಇತ್ತು, 52 ಮಂದಿಗೆ ಇರಲಿಲ್ಲ. ಈ ಬಾಕ್ಟೀರಿಯದ ಪ್ರಮಾಣ ಎರಡು ಗುಂಪಿನಲ್ಲೂ ಹೆಚ್ಚು ಕಡಮೆ ಒಂದೇ! ಬೇರೆಯಾಗಿದ್ದದ್ದು ಅದರೊಳಗಿನ ಒಳಪಂಗಡಗಳು. ಒಂದೇ ಮನೆತನದಲ್ಲಿ ಸಾಧುವೂ ಇರುತ್ತಾನೆ, ಜಗಳಗಂಟನೂ ಇರುತ್ತಾನೆ. ಸೋಪಿಗೆ ಆ ಭೇದ ತಿಳಿಯದು. ಅಂದಹಾಗೆ, ಬೆನ್ನಿನ ಮೇಲೂ ಕತ್ತಿನ ಮೇಲೂ ಕಾಣುವ ಚಿಬ್ಬು ಬಾಕ್ಟೀರಿಯದಿಂದ ಬಂದದ್ದಲ್ಲ. ಅದೂ ಜಿಡ್ಡನ್ನೇ ನೆಚ್ಚಿರುವ, ಎಲ್ಲರ ಮೈಮೇಲೂ ಇರುವ ಒಂದು ಬೂಷ್ಟಿನ ಜಾತಿ, ಮಲಸೀಜಿಯ. ಚಿಬ್ಬಿರುವ ಹುಡುಗನ ಪಕ್ಕ ಕುಳಿತುಕೊಳ್ಳಬಾರದೆಂದು ಹೇಳುವ ತಾಯಂದಿರು ಇದನ್ನು ಗಮನಿಸಬೇಕು.

ಪಕ್ಕ ಕುಳಿತುಕೊಳ್ಳುವ ಮಾತು ಬಂತು. ನನ್ನ ಕಾರಣವನ್ನು ಹೇಳುವ ಸ್ಥಳವೂ ಬಂತು.

ಇದು ಹದಿನೇಳು ವರ್ಷದ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮೂರು ಮೈಲಿ ಸೈಕಲ್ ತುಳಿದುಕೊಂಡು ಬರುವವನು. ಪದ್ಯವನ್ನು ರಾಗವಾಗಿ ಓದುವವನು. ಬೇಸಗೆಯ ಒಂದು ಮಧ್ಯಾಹ್ನ, ಊಟದ ಮೇಲಿನ ಪಾಠ. ಅವನ ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡು ಕಿಸಕಿಸ ನಗುತ್ತಿದ್ದರು. ಪಾಠ ಕೆಡುತ್ತಿದೆಯೆಂದು ನನಗೆ ಸಿಟ್ಟು ಬಂತು. ನಗುವವರನ್ನು ಗದರಿಸಬೇಕಾಗಿದ್ದ ನಾನು ಅವನನ್ನು ಎಬ್ಬಿಸಿ, "ನಾಳೆ ಸ್ನಾನ ಮಾಡಿಕೊಂಡು ಬಾ. ಅಲ್ಲಿಯವರೆಗೆ ಹಿಂದಿನ ಬೆಂಚಿನಲ್ಲಿ ಕೂತುಕೋ" ಎಂದೆ. ಎಲ್ಲರೂ ನಕ್ಕರು. ಅವನು ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಹೋದ.

ಮೂರನೆಯ ದಿನ ಅವನ ತಾಯಿ ಶಾಲೆಗೆ ಬಂದರು. ಜಗಳಕ್ಕಲ್ಲ. ವರಾಂಡದ ಕಂಬದ ಬಳಿ ನಿಂತು ಮೆಲ್ಲನೆ, "ದಿನಾ ಎರಡು ಹೊತ್ತು ಮೀತಾನೆ ಸ್ವಾಮಿ, ಹೊಸ ಸೋಪು ತಂದುಕೊಟ್ಟಿದೀನಿ. ಆದರೂ ಹೋಗವಲ್ಲದು, ಏನು ಮಾಡಲಿ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಮರುದಿನ ಅವನನ್ನು ಮುಂದಕ್ಕೆ ಬಾ ಎಂದು ಕರೆದೆ. ಅವನು ಬರಲಿಲ್ಲ. ವರ್ಷ ಮುಗಿಯುವವರೆಗೂ ಹಿಂದಿನ ಬೆಂಚಿನಲ್ಲೇ ಇದ್ದ. ಪದ್ಯ ಓದು ಎಂದರೆ ಗಂಟಲು ಕಟ್ಟಿದೆ ಎನ್ನುತ್ತಿದ್ದ.

ಆ ತಾಯಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೆ ತಿಳಿದದ್ದು ಇಷ್ಟು. ನಮ್ಮ ಮೈಯಲ್ಲಿ ಎರಡು ತರದ ಬೆವರುಗ್ರಂಥಿಗಳಿವೆ. ಒಂದು ತರದವು 20ರಿಂದ 40 ಲಕ್ಷ, ಮೈತುಂಬ ಹರಡಿವೆ; ಅವು ಉಪ್ಪುನೀರನ್ನು ಸುರಿಸಿ ಮೈಯನ್ನು ತಂಪಾಗಿಡುತ್ತವೆ. ಇನ್ನೊಂದು ತರದವು ಕಂಕುಳಿನಂಥ ಕೆಲವೇ ಜಾಗಗಳಲ್ಲಿವೆ. ಅವು ಹುಟ್ಟಿನಿಂದಲೇ ಇದ್ದರೂ ಕೆಲಸಕ್ಕೆ ತೊಡಗುವುದು ಪ್ರಾಯ ಬಂದಾಗ, ಎಂದರೆ ಸರಿಯಾಗಿ ಎಂಟು ಒಂಬತ್ತನೆಯ ತರಗತಿಯ ಹೊತ್ತಿಗೆ. ಅದರ ಸ್ರಾವ ಸ್ವಲ್ಪ ಮಂದ. ಫಿಲಡೆಲ್ಫಿಯದ ಶೆಲ್ಲಿ ಎಂಬ ಚರ್ಮವೈದ್ಯರೂ ಅವರ ಜೊತೆಗಾರರೂ 1953ರಲ್ಲಿ ಆ ಸ್ರಾವವನ್ನು ಬಾಕ್ಟೀರಿಯ ಸೋಕದಂತೆ ಹಿಡಿದಿಟ್ಟು ನೋಡಿದರು. ಅದಕ್ಕೆ ವಾಸನೆಯೇ ಇರಲಿಲ್ಲ. ಬಾಕ್ಟೀರಿಯ ಕೂಡಿಕೊಂಡ ಮೇಲೆ ವಾಸನೆ ಹುಟ್ಟಿತು. ಬೆವರಿಗೆ ವಾಸನೆಯಿಲ್ಲ, ಬೆವರನ್ನು ಉಣ್ಣುವವರ ಅಡುಗೆಮನೆಯಿಂದ ಅದು ಬರುತ್ತದೆ. ಆ ಅಡುಗೆಯವರಲ್ಲಿ ಮುಖ್ಯವಾದ ಒಬ್ಬನ ಹೆಸರು ಸ್ಟಫಿಲೊಕಾಕಸ್ ಹೋಮಿನಿಸ್. ದ್ರಾಕ್ಷಿಗೊಂಚಲಿನಂತೆ ಕಾಣುವುದರಿಂದ ಆ ಕುಲಕ್ಕೆ ಗ್ರೀಕ್ ಮಾತಿನಲ್ಲಿ ಆ ಹೆಸರು. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾನಿಲಯದವರು 2020ರಲ್ಲಿ ಅದರ ಕೈಯಲ್ಲಿರುವ ಕಿಣ್ವದ ರಚನೆಯನ್ನೇ ಬಿಡಿಸಿ ತೋರಿಸಿದರು. ಆ ಕಿಣ್ವ ವಾಸನೆಯಿಲ್ಲದ ವಸ್ತುವಿನಿಂದ ಗಂಧಕ ಸೇರಿದ ಘಾಟು ವಸ್ತುವನ್ನು ಬಿಡಿಸುತ್ತದೆ. ಗಂಧಕ ಎಂಬ ಪದದೊಳಗೇ ಗಂಧ ಕುಳಿತಿದೆಯೆಂದು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಅದು ಇಲ್ಲಿ ಹೀಗೆ ಬಂದೀತೆಂದು ಎಣಿಸಿರಲಿಲ್ಲ.

ಎಲ್ಲರಿಗೂ ಇದು ಒಂದೇ ಪ್ರಮಾಣದಲ್ಲಿ ಇರುವುದೂ ಇಲ್ಲ. ಕಂಕುಳ ಸ್ರಾವದಲ್ಲಿ ಏನು ಸೇರಬೇಕೆಂಬುದನ್ನು ವಂಶದ್ರವ್ಯದ ಒಂದು ಅಕ್ಷರ ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಅದೇ ಅಕ್ಷರ ಕಿವಿಯ ಗುಗ್ಗೆ ಅಂಟಾಗಿರಬೇಕೋ ಒಣಗಿರಬೇಕೋ ಎಂಬುದನ್ನೂ ತೀರ್ಮಾನಿಸುತ್ತದೆಂದು ಜಪಾನಿನವರು 2006ರಲ್ಲಿ ಕಂಡುಕೊಂಡರು. ಕೊರಿಯ, ಚೀನ, ಜಪಾನುಗಳಲ್ಲಿ ಹೆಚ್ಚು ಜನಕ್ಕೆ ಗುಗ್ಗೆ ಒಣ, ಕಂಕುಳ ವಾಸನೆಯೂ ಅತ್ಯಲ್ಪ. ಅವರು ನಮಗಿಂತ ಹೆಚ್ಚು ಸ್ನಾನ ಮಾಡುವುದರಿಂದ ಅಲ್ಲ. ಒಂದು ಅಕ್ಷರ ಬೇರೆ, ಅಷ್ಟೇ. ಒಂದು ಅಕ್ಷರ ತಪ್ಪಿದರೆ ಅರ್ಥ ಕೆಡುತ್ತದೆಂದು ಹುಡುಗರಿಗೆ ಅಂಕ ಕಳೆಯುವವನು ನಾನು!

ಆ ಹುಡುಗನಿಗೆ ಈಗ ಮೂವತ್ತು ದಾಟಿದೆ. ಹೋದ ವರ್ಷ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ನಮಸ್ಕಾರ ಮಾಡಿದ, ಮಗಳನ್ನು ಶಾಲೆಗೆ ಹಾಕಿದ್ದಾಗಿ ಹೇಳಿದ. ಈ ಶೆಲ್ಲಿಯ ಪ್ರಯೋಗವನ್ನು ಅವನಿಗೆ ಹೇಳಬೇಕೆಂದು ನನಗೆ ಎಷ್ಟೋ ವರ್ಷದಿಂದ ಇತ್ತು. ಬಸ್ಸು ಬಂದುಬಿಟ್ಟಿತೆಂದು ಹೇಳಬಹುದು. ನಿಜ ಹೇಳುವುದಾದರೆ ಬಾಯಿ ಬರಲಿಲ್ಲ. ಮಾತಾಡುವಷ್ಟು ಹೊತ್ತೂ ಅವನು ನನ್ನಿಂದ ಒಂದು ಮಾರು ದೂರದಲ್ಲೇ ನಿಂತಿದ್ದ. ಗುರುಗಳೆಂಬ ಗೌರವದಿಂದಲೂ ಇದ್ದೀತು.

ಈ ಹೋಮಿನಿಸ್ ಜಾತಿಯನ್ನು ಬರಿಯ ದುರ್ವಾಸನೆಯ ಕಾರಖಾನೆಯೆಂದು ತಿಳಿಯಲಾಗದು. ಅದಕ್ಕೆ ಕಾವಲುಗಾರಿಕೆಯೂ ಗೊತ್ತು. ಅದನ್ನು ಹೇಳಲು ಒಣಸೀಮೆಗೆ ಹೋಗಬೇಕು.

ಮುಂಗೈ, ಮೊಣಕಾಲಿನ ಕೆಳಗಿನ ಭಾಗ, ಇವು ಒಣಸೀಮೆ. ಇವೇ ಗಾಳಿ, ಬಿಸಿಲು, ಮಣ್ಣು, ಪರರ ಸ್ಪರ್ಶಕ್ಕೆ ತೆರೆದುಕೊಂಡವು. ಹೆದ್ದಾರಿಯ ಪಕ್ಕದ ಬಯಲಿನ ಹಾಗೆ ಇಲ್ಲಿ ಹಾದುಹೋಗುವವರು ಬಹಳ; ಮುಂಗೈಯಲ್ಲಿ 44 ಬಗೆ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದ ಕೊಲರಾಡೊದಲ್ಲಿ 51 ಮಂದಿ ವಿದ್ಯಾರ್ಥಿಗಳ ಅಂಗೈಗಳನ್ನು ನೋಡಿ 2008ರಲ್ಲಿ ವರದಿ ಮಾಡಿದ್ದು ಇನ್ನೂ ವಿಚಿತ್ರ: ಒಂದೊಂದು ಅಂಗೈಯಲ್ಲಿ ನೂರೈವತ್ತಕ್ಕೂ ಮಿಕ್ಕಿ ಬಗೆಗಳು, ಒಬ್ಬನ ಎಡಗೈ ಬಲಗೈಗಳೆರಡರಲ್ಲೂ ಇದ್ದ ಬಗೆಗಳು ನೂರಕ್ಕೆ 17 ಮಾತ್ರ. ಕೈ ತೊಳೆದದ್ದರಿಂದ ಬಗೆಗಳ ಸಂಖ್ಯೆ ಇಳಿದಿರಲಿಲ್ಲ. ಒಂದೇ ಮನೆಯಲ್ಲಿರುವವರು ಒಬ್ಬರಿಗೊಬ್ಬರು ಇವುಗಳನ್ನು ಕೊಟ್ಟುಕೊಳ್ಳುತ್ತಾರೆ. 60 ಕುಟುಂಬಗಳನ್ನು ಪರೀಕ್ಷಿಸಿ 2013ರಲ್ಲಿ ಹೊರಬಂದ ಅಧ್ಯಯನದಲ್ಲಿ ನಾಯಿ ಸಾಕಿದವರ ಚರ್ಮ ತಮ್ಮ ನಾಯಿಯೊಡನೆಯೂ ಬಾಕ್ಟೀರಿಯಗಳನ್ನು ಹಂಚಿಕೊಂಡಿತ್ತು.

ಇಷ್ಟೆಲ್ಲ ಬಂದುಹೋಗುವವರಿದ್ದರೆ ಒಕ್ಕಲು ಕದಲುವುದಿಲ್ಲವೆ? ಬೆಥೆಸ್ಡಾದ ಅದೇ ಬಳಗದವರು 12 ಮಂದಿ ಆರೋಗ್ಯವಂತರನ್ನು ತಿಂಗಳುಗಳ ಮೇಲೂ ವರ್ಷದ ಮೇಲೂ ಮತ್ತೆ ಮತ್ತೆ ಪರೀಕ್ಷಿಸಿ 2016ರಲ್ಲಿ ಉತ್ತರ ಹೇಳಿದರು: ಬಹುಮಟ್ಟಿಗೆ ಕದಲುವುದಿಲ್ಲ. ಅವರು ಮಿಂದರು, ಊರೂರು ತಿರುಗಿದರು, ಕೈಕುಲುಕಿದರು. ಆದರೂ ಅವರವರ ಒಕ್ಕಲು ಅವರವರಲ್ಲೇ ಇತ್ತು. ಜಿಡ್ಡಿನ ಸೀಮೆ ಎಲ್ಲಕ್ಕಿಂತ ಸ್ಥಿರ.

ಹಾಗೆಂದು ಹೊರಗಿನ ಸಂಪರ್ಕ ವ್ಯರ್ಥವೂ ಅಲ್ಲ. ಪೂರ್ವ ಫಿನ್ಲೆಂಡಿನಲ್ಲಿ 118 ಮಂದಿ ಹದಿಹರೆಯದ ಹುಡುಗ ಹುಡುಗಿಯರ ಮುಂಗೈಯನ್ನೂ ಅವರ ಮನೆಯ ಸುತ್ತಣ ಗಿಡಮರಗಳನ್ನೂ ಒಟ್ಟಿಗೆ ನೋಡಿದರು. 2012ರಲ್ಲಿ ಪ್ರಕಟವಾದ ಈ ಕೆಲಸದ ಮುಂದಾಳು ಇಲ್ಕ ಹಾನ್ಸ್ಕಿ ವೈದ್ಯರಲ್ಲ, ಚಿಟ್ಟೆಗಳನ್ನು ಕುರಿತು ಹೆಸರು ಮಾಡಿದ ಪರಿಸರವಿಜ್ಞಾನಿ. ಮೈ ಕೆರೆತ, ಸೀನು ಮೊದಲಾದ ಅಲರ್ಜಿಯ ಪ್ರವೃತ್ತಿ ಇದ್ದ ಮಕ್ಕಳ ಮನೆಯ ಸುತ್ತ ಗಿಡಗಳ ವೈವಿಧ್ಯ ಕಡಮೆ. ಅವರ ಚರ್ಮದ ಮೇಲೆ ಮಣ್ಣು ಗಿಡಗಳ ಸಂಪರ್ಕದಿಂದ ಬರುವ ಒಂದು ವರ್ಗದ ಬಾಕ್ಟೀರಿಯಗಳ ವೈವಿಧ್ಯವೂ ಕಡಮೆ. ಅದೇ ದೇಶದಲ್ಲಿ 2020ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕೆಲವು ಶಿಶುವಿಹಾರಗಳ ಜಲ್ಲಿಯ ಅಂಗಳಕ್ಕೆ ಕಾಡಿನ ಮಣ್ಣನ್ನೂ ಹುಲ್ಲಿನ ಹೆಂಟೆಯನ್ನೂ ತಂದು ಹಾಸಿ, 3ರಿಂದ 5 ವರ್ಷದ ಮಕ್ಕಳನ್ನು ಅದರಲ್ಲಿ ಆಡಲು ಬಿಟ್ಟರು. ಒಟ್ಟು 75 ಮಕ್ಕಳು. 28 ದಿನಗಳಲ್ಲಿ ಮಣ್ಣಿನಲ್ಲಿ ಆಡಿದ ಮಕ್ಕಳ ಚರ್ಮದ ಮೇಲಿನ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗರಕ್ಷಣೆಯನ್ನು ಹದದಲ್ಲಿಡುವ ಲಕ್ಷಣಗಳೂ ಕಂಡವು. ಅವರಿಗೆ ಮುಂದೆ ಅಲರ್ಜಿ ಬರುವುದೇ ಇಲ್ಲವೆಂದು ಯಾರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಅಂಗಳಕ್ಕೆಲ್ಲ ಸಿಮೆಂಟು ಬಳಿದು ಮಕ್ಕಳನ್ನು ಮಣ್ಣು ಮುಟ್ಟದಂತೆ ಬೆಳೆಸುತ್ತಿರುವ ನಮ್ಮ ಪಟ್ಟಣದವರು ಇದನ್ನು ಒಮ್ಮೆ ಯೋಚಿಸಬಹುದು.

ಒಣಚರ್ಮದ ದೊಡ್ಡ ಕಷ್ಟವೆಂದರೆ ಬಿರುಕು. ಕೆಲವು ಮಕ್ಕಳಿಗೆ ಚರ್ಮದ ಇಟ್ಟಿಗೆಗಳನ್ನು ಕಟ್ಟಿಹಿಡಿಯುವ ಫಿಲಗ್ರಿನ್ ಎಂಬ ವಸ್ತು ಹುಟ್ಟಿನಿಂದಲೇ ಕಡಮೆ. ಸ್ಕಾಟ್ಲೆಂಡಿನ ಡಂಡೀಯಲ್ಲಿ ಇದು 2006ರಲ್ಲಿ ತಿಳಿಯಿತು. ಅಂಥ ಗೋಡೆಯಿಂದ ತೇವ ಸೋರಿಹೋಗುತ್ತದೆ, ಹುಳಿ ಕುಂದುತ್ತದೆ, ಸ್ಟಫಿಲೊಕಾಕಸ್ ಆರಿಯಸ್ ಎಂಬ ಪುಂಡ ನುಗ್ಗುತ್ತಾನೆ. ಇವನು ಸುಮಾರು ಮೂರರಲ್ಲೊಂದು ಪಾಲು ಜನರ ಮೂಗಿನೊಳಗೆ ಸದ್ದಿಲ್ಲದೆ ಇರುವವನೇ. ಮೊಣಕೈ, ಮೊಣಕಾಲುಗಳ ಮಡಿಕೆಯಲ್ಲಿ ಇಸುಬು ಕೆರಳಿದಾಗ ಅಲ್ಲಿಯ ವೈವಿಧ್ಯವೆಲ್ಲ ಕುಸಿದು ಇವನೊಬ್ಬನೇ ತುಂಬಿಕೊಳ್ಳುತ್ತಾನೆ. ನಮ್ಮ ಹೋಮಿನಿಸ್ ಮತ್ತೆ ಬರುವುದು ಇಲ್ಲಿ. ಆ ಜಾತಿಯ ಕೆಲವು ಪಂಗಡಗಳು ಆರಿಯಸ್ಸನ್ನು ಕೊಲ್ಲುವ ವಸ್ತುವನ್ನು ತಯಾರಿಸುತ್ತವೆಂದೂ, ಇಸುಬಿನವರಲ್ಲಿ ಈ ಕಾವಲುಗಾರರೇ ಕಡಮೆಯೆಂದೂ 2017ರಲ್ಲಿ ಸ್ಯಾನ್ ಡಿಯಾಗೊದವರು ತೋರಿಸಿದರು. ನನ್ನ ಹುಡುಗನನ್ನು ಹಿಂದಿನ ಬೆಂಚಿಗೆ ಅಟ್ಟಿಸಿದ ಜಾತಿಯೇ ಇನ್ನೊಂದು ಜಾಗದಲ್ಲಿ ಮಕ್ಕಳನ್ನು ಕಾಯುತ್ತದೆ. ಒಕ್ಕಲು ಎಂದೂ ತಿರುಗಿಬೀಳುವುದಿಲ್ಲವೆಂದೂ ಅಲ್ಲ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಚುಚ್ಚಿದ ಕೊಳವೆಯ ಜೊತೆ ಒಳಗೆ ಹೋದರೆ ಅತಿ ಸಾಧುವಾದ ಚರ್ಮದ ಬಾಕ್ಟೀರಿಯವೂ ಮಾರಿಯಾಗುತ್ತದೆ. ಆದಕಾರಣವೇ ಸೂಜಿ ಚುಚ್ಚುವ ಮುಂಚೆ ಒರೆಸುವುದು.

ಕೊನೆಗೆ ಸೋಪಿನ ಮಾತು. ರೋಗಾಣುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಚಿಲ್ಲರೆಯನ್ನು ಕೊಲ್ಲುವೆವೆಂದು ಸಾರುವ ಸೋಪಿನ ಜಾಹೀರಾತುಗಳನ್ನು ತಾವೂ ಕೇಳಿದ್ದೀರಿ. ಕರಾಚಿಯ ಬಡವರ ಬಡಾವಣೆಗಳಲ್ಲಿ ಕೆಲವು ಮನೆಗಳಿಗೆ ಬಾಕ್ಟೀರಿಯನಾಶಕ ಸೋಪನ್ನೂ ಕೆಲವಕ್ಕೆ ಸಾದಾ ಸೋಪನ್ನೂ ಕೊಟ್ಟು, ಕೈ ತೊಳೆಯುವುದನ್ನು ಹೇಳಿಕೊಟ್ಟು ನೋಡಿದರು. ಫಲಿತ 2005ರಲ್ಲಿ ಪ್ರಕಟವಾಯಿತು. ಮಕ್ಕಳ ಭೇದಿ ಅರ್ಧಕ್ಕಿಂತ ಕಡಮೆಯಾಯಿತು, ಕೀವುಗುಳ್ಳೆಗಳು ಮೂರರಲ್ಲೊಂದು ಪಾಲು ಇಳಿದವು. ಸಾದಾ ಸೋಪಿಗೂ ವಿಶೇಷ ಸೋಪಿಗೂ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಅಮೆರಿಕ ಸರ್ಕಾರ ಅಂಥ 19 ನಾಶಕವಸ್ತುಗಳನ್ನು ಮನೆಬಳಕೆಯ ಸೋಪಿನಲ್ಲಿ ಸೇರಿಸಕೂಡದೆಂದು ವಿಧಿಸಿತು.

ಆದ್ದರಿಂದ ಊಟಕ್ಕೆ ಮುಂಚೆ, ಶೌಚದ ಮೇಲೆ, ಅಡುಗೆಗೆ ಕೂಡುವ ಮುಂಚೆ, ರೋಗಿಯನ್ನು ಮುಟ್ಟುವ ಮುಂಚೆ ಮತ್ತು ಮುಟ್ಟಿದ ಮೇಲೆ ಸಾದಾ ಸೋಪಿನಿಂದ ಕೈ ತೊಳೆಯಿರಿ. ಅದರಲ್ಲಿ ರಿಯಾಯಿತಿ ಇಲ್ಲ. ಕಂಕುಳನ್ನು ತೊಳೆದು ಚೆನ್ನಾಗಿ ಒರೆಸಿ, ಅಂಗಿಯನ್ನು ದಿನವೂ ಬದಲಾಯಿಸಿದರೆ ಅಡುಗೆಮನೆಯ ಘಾಟು ಇಳಿಯುತ್ತದೆ, ಪೂರ್ತಿ ಹೋಗಲಿಕ್ಕಿಲ್ಲ. ಮುಂಗೈಗೂ ಮೊಣಕಾಲಿನ ಕೆಳಗೂ ದಿನಾ ಸೋಪು ಉಜ್ಜುವುದನ್ನು ಐವತ್ತು ದಾಟಿದ ಮೇಲೆ ನಾನು ಬಿಟ್ಟೆ; ಮಾಘದ ಚಳಿಯಲ್ಲಿ ಬೂದಿ ಬೂದಿಯಾಗಿ ಒಡೆಯುತ್ತಿದ್ದ ಚರ್ಮ ಈಗ ಒಡೆಯುವುದಿಲ್ಲ. ಸ್ನಾನವಾದೊಡನೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರುತ್ತೇನೆ. ಮಕ್ಕಳ ಇಸುಬಿಗೆ ಮಾತ್ರ ಎಣ್ಣೆಯ ಭರವಸೆಯಲ್ಲಿ ಕೂಡದೆ ವೈದ್ಯರಿಗೆ ತೋರಿಸಬೇಕು.

ಶಾಲೆಯಲ್ಲಿ ಮಧ್ಯಾಹ್ನದ ಊಟದ ಗಂಟೆ ಹೊಡೆದಾಗ ಮಕ್ಕಳು ನಲ್ಲಿಯ ಮುಂದೆ ಸಾಲುಗಟ್ಟುತ್ತಾರೆ. ಅಲ್ಲಿ ನಿಲ್ಲುವ ಸರದಿ ನನ್ನದಾದ ದಿನ ಅವರ ಕೈಗಳನ್ನು ತಿರುವಿ ನೋಡುತ್ತೇನೆ, ಸೋಪು ಹಾಕದವರನ್ನು ಹಿಂದಕ್ಕೆ ಕಳುಹಿಸುತ್ತೇನೆ. ಉಳಿದದ್ದರ ಸುದ್ದಿ ಎತ್ತುವುದಿಲ್ಲ.